ಒಂಬತ್ತು ದಿನದ ಪೇಡೆ

ನಮ್ಮೂರಿನ ಹುಲ್ಲು ವರ್ಷಕ್ಕೊಮ್ಮೆ ಊರು ಬಿಟ್ಟು ಹೋಗುತ್ತದೆ. ಚಳಿ ಹಿಂದೆ ಸರಿದು ಬಿಸಿಲಿಗೆ ಸ್ವಲ್ಪ ಕಸುವು ಬಂದ ಮೇಲೆ ಒಂದು ದಿನ ಬೆಳಿಗ್ಗೆ ಎದ್ದು ನೋಡಿದರೆ ಹೊಲದ ಬದು, ಕೆರೆ ಏರಿ, ಶಾಲೆಯ ಮೈದಾನ ಎಲ್ಲ ಬೋಳು ಬೋಳು. ಹೊಳೆಯಾಚೆಯ ಗುಡ್ಡ ಮಾತ್ರ ಹಿಂದಿನ ದಿನಕ್ಕಿಂತ ಎರಡು ಪಟ್ಟು ದಟ್ಟವಾಗಿರುತ್ತದೆ. ಬಣವೆಯ ಒಣಹುಲ್ಲೂ ಅಷ್ಟೇ, ಒಂದು ಎಳೆ ಬಿಡದೆ ಹೋಗುತ್ತದೆ. ನಡುವೆ ನೆಟ್ಟ ಕಂಬವೊಂದೇ ಪೆಚ್ಚಾಗಿ ನಿಂತಿರುತ್ತದೆ. ಪಕ್ಕದ ಊರಿನಿಂದ ಲಾರಿಯಲ್ಲಿ ಹುಲ್ಲು ತರಿಸಿದವರೂ ಇದ್ದಾರೆ. ಗಡಿಕಲ್ಲು ದಾಟಿದ್ದೇ ತಡ, ಅದೂ ಹಗ್ಗದ ಸಂದಿಯಿಂದ ನುಸುಳಿ ಹೊಳೆಯ ಕಡೆ ಹೊರಟುಬಿಡುತ್ತದೆ. ಹಸುಗಳನ್ನೇ ಹೊಳೆ ದಾಟಿಸಬಹುದಲ್ಲ ಎಂದು ಹೊಸಬರು ಕೇಳುತ್ತಾರೆ. ದಾಟಿಸಿದರೆ ಹುಲ್ಲು ಅದರಾಚೆಯ ಗುಡ್ಡ ಹತ್ತುತ್ತದೆ. ಅದಕ್ಕೆ ನಮ್ಮವರು ಆ ಗೋಜಿಗೇ ಹೋಗುವುದಿಲ್ಲ. ಒಂಬತ್ತು ದಿನ ಬಿಟ್ಟರೆ ತಾನಾಗಿಯೇ ಬರುತ್ತದೆ. ಬರುವಾಗ ಕೆಲವು ಸಲ ಜಾಗ ತಪ್ಪಿ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೋ ಅಂಚೆ ಡಬ್ಬಿಯ ನೆತ್ತಿಯ ಮೇಲೋ ಬೇರು ಬಿಟ್ಟಿರುವುದುಂಟು. ಅದನ್ನು ಯಾರೂ ದೊಡ್ಡದು ಮಾಡುವುದಿಲ್ಲ.

ಊರು ಇದಕ್ಕೆ ಹೊಂದಿಕೊಂಡು ತಲೆಮಾರುಗಳಾಗಿವೆ. ಇಲ್ಲಿ ಗುಡಿಸಲಿಗೂ ಹೆಂಚೇ. ಕ್ರಿಕೆಟ್ ಪಂದ್ಯಾವಳಿ ಆ ಒಂಬತ್ತು ದಿನಗಳಲ್ಲೇ ನಡೆಯುತ್ತದೆ, ಚೆಂಡು ಕಳೆದುಹೋಗುವುದಿಲ್ಲವಲ್ಲ. ದನಗಳಿಗೆ ಹಲಸಿನ ಸೊಪ್ಪು, ಆಲದ ಸೊಪ್ಪು, ಬಾಳೆದಿಂಡು, ಒಂದಿಷ್ಟು ಬೂಸ ಹಾಕಿ ದಿನ ನೂಕುತ್ತಾರೆ. ಅರೆಹೊಟ್ಟೆಯೇ ಆದರೂ ನೂಕುತ್ತಾರೆ. ಆಗ ಹಾಲು ಕಡಿಮೆಯಾಗುತ್ತದೆ, ಆದರೆ ದಪ್ಪಗಾಗುತ್ತದೆ. ಆ ದಪ್ಪ ಹಾಲಿನಿಂದ ಮಾಡುತ್ತಿದ್ದುದೇ ನಮ್ಮೂರಿನ ಹೆಸರಾಂತ ಒಂಬತ್ತು ದಿನದ ಪೇಡೆ. ಅದನ್ನು ಮಾಡುತ್ತಿದ್ದವರು ನನ್ನ ಸೋದರಮಾವ, ಮಿಠಾಯಿ ಅಂಗಡಿಯ ಶಾಂತವೀರಪ್ಪ. ಏಲಕ್ಕಿ ಹಾಕದಿದ್ದರೂ ಆ ಪೇಡೆಗೆ ಮಾಗಿದ ಸೀಬೆಹಣ್ಣಿನಂಥ ಒಂದು ನವಿರಾದ ಘಮ ಇರುತ್ತಿತ್ತು. ಅದು ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಮಾವ ಮೀಸೆಯೊಳಗೇ ನಕ್ಕು, "ನಮ್ಮಪ್ಪನ ಕಾಲದಿಂದ ಹಿಂಗೇ ಐತೆ" ಎನ್ನುತ್ತಿದ್ದರು. ಅವರಿಗೂ ಗೊತ್ತಿರಲಿಲ್ಲ.

ನಾನು ವನಜಾಕ್ಷಿ, ಹಾಲಿನ ಡೈರಿಯಲ್ಲಿ ಟೆಸ್ಟರ್. ಕೆಲಸ ಕೊಡಿಸಿದವರೂ ಮಾವನೇ. ಆ ವರ್ಷ ಡೈರಿಗೆ ಹೊಸದಾಗಿ ಫ್ಯಾಟ್ ನೋಡುವ ಮಿಷನ್ ಬಂದಿತ್ತು. ಹುಲ್ಲು ಹೋದ ನಾಲ್ಕನೆಯ ದಿನ ಮಾವ ಎಂದಿನಂತೆ ಪಂಚೆ ಎತ್ತಿ ಕಟ್ಟಿಕೊಂಡು ಬಂದು ಕಿಟಕಿಗೆ ಮೊಣಕೈ ಊರಿದರು.

"ಹೆಂಗೈತೆ ವನಜೀ ಹಾಲು?"

"ಕಡಿಮೆ ಮಾವ. ಆದ್ರೆ ಫ್ಯಾಟು ಏರೈತೆ. ಮೂರೂಮುಕ್ಕಾಲು ಇದ್ದದ್ದು ಐದು ದಾಟ್ತಾ ಐತೆ."

"ನೋಡಿದ್ಯಾ! ಇಷ್ಟು ವರ್ಷ ನನ್ನ ನಾಲಿಗೆ ಹೇಳ್ತಿದ್ದಿದ್ದನ್ನ ನಿನ್ನ ಮಿಷನ್ನು ಈಗ ಹೇಳ್ತೈತೆ."

ನಾನೂ ಹಿಗ್ಗಿದೆ. ಯಾರ ಹಸುವಿನ ಹಾಲು ಎಷ್ಟು ಏರಿತು ಎಂದು ಕರಿಹಲಗೆಯ ಮೇಲೆ ದಿನಾ ಬರೆಯಲು ಶುರುಮಾಡಿದೆ. ಕ್ರಿಕೆಟ್ ಸ್ಕೋರಿಗಿಂತ ಇದನ್ನು ನೋಡಲು ಹೆಚ್ಚು ಜನ ಸೇರತೊಡಗಿದರು. ಮೊದಲ ಸ್ಥಾನ ಗಿರಣಿ ದುರುಗಕ್ಕನ ಸಾಸ್ವೆಗೆ ಮೀಸಲು.

ದುರುಗಕ್ಕ ಹಿಟ್ಟಿನ ಗಿರಣಿ ನಡೆಸುವವಳು. ಐವತ್ತು ದಾಟಿದ, ಗಟ್ಟಿ ದನಿಯ ಹೆಂಗಸು. ಗಿರಣಿಯ ಸದ್ದಿನಲ್ಲಿ ಮಾತಾಡಿ ಮಾತಾಡಿ ಗುಟ್ಟನ್ನೂ ಕೂಗಿಯೇ ಹೇಳುತ್ತಿದ್ದಳು. ಹುಬ್ಬು, ರೆಪ್ಪೆ, ಕಿವಿಯ ಓಲೆ ಎಲ್ಲಕ್ಕೂ ಸದಾ ಹಿಟ್ಟಿನ ಪುಡಿ. ಸಾಸ್ವೆ ಅವಳ ಒಂಟಿ ಹಸು. ಮೈ ಬಣ್ಣ ಸಾಸಿವೆಯಂತೆ ಕಂದುಗಪ್ಪು. ಕರು ಹಾಕಿ ಒಂದು ತಿಂಗಳಾಗಿತ್ತು, ಹಾಲು ಉಕ್ಕುವ ಕಾಲ. ಹಲಗೆಯ ಮೇಲೆ ತನ್ನ ಹೆಸರು ಮೇಲಿರುವುದನ್ನು ನೋಡಲೆಂದೇ ದುರುಗಕ್ಕ ಗಿರಣಿ ನಿಲ್ಲಿಸಿ ದಿನಕ್ಕೆರಡು ಸಲ ಬಂದು ಹೋಗುತ್ತಿದ್ದಳು.

ಏಳನೆಯ ದಿನ ಮಾವನಿಗೆ ಹೊಳೆಯಾಚೆಯ ಒಂದು ದೊಡ್ಡ ಮನೆಯಿಂದ ಕರೆ ಬಂತು. ಮೂರು ಊರಿನ ಜನ ಸೇರುವ ಮದುವೆ. ಎಲೆಗೆ ಎರಡರಂತೆ ಒಂಬತ್ತು ದಿನದ ಪೇಡೆಯೇ ಬೇಕು. ಆದರೆ ಮದುವೆ ಇದ್ದದ್ದು ಹುಲ್ಲು ಹೋದ ಹತ್ತೊಂಬತ್ತನೆಯ ದಿನಕ್ಕೆ. ಪೇಡೆ ಅಷ್ಟು ದಿನ ಇಟ್ಟರೆ ಕೆಡುತ್ತದೆ. ಮಾವ ಡೈರಿಯ ಮುಂದೆ ಊರವರನ್ನು ಸೇರಿಸಿದರು.

"ಹುಲ್ಲು ಬರೋದು ಬರ್ಲಿ. ಕೊಟ್ಟಿಗೆ ಬಾಗ್ಲು ಹಾಕ್ಕೊಂಡು ದನಾನ ಇನ್ನೊಂದು ಒಂಬತ್ತು ದಿನ ಒಳಗೇ ಕಟ್ರಿ. ಸೊಪ್ಪೂ ಬ್ಯಾಡ, ಹಾಲಿಗೆ ಒಗರು ಬರ್ತೈತೆ. ನೀರು, ಒಂದು ಹಿಡಿ ಬೂಸ ಸಾಕು. ಮೂರು ಊರಿನವ್ರ ಬಾಯಲ್ಲಿ ನಮ್ಮೂರಿನ ಹೆಸರು ಇರ್ಬೇಕೋ ಬ್ಯಾಡ್ವೋ?"

ಇರಬೇಕು ಎಂದು ಎಲ್ಲರೂ ಕೂಗಿದರು. ಎಲ್ಲರಿಗಿಂತ ಜೋರಾಗಿ ಕೂಗಿದ್ದು ದುರುಗಕ್ಕ. ನಾನೂ ಕೂಗಿದೆ, ಸುಳ್ಳು ಯಾಕೆ ಹೇಳಲಿ.

ಹತ್ತನೆಯ ದಿನ ಹುಲ್ಲು ಬಂತು. ಕೊಟ್ಟಿಗೆಗಳ ಬಾಗಿಲು ಮುಚ್ಚಿರುವುದನ್ನು ಅದು ಹಿಂದೆಂದೂ ಕಂಡಿರಲಿಲ್ಲ ಎಂದು ಕಾಣುತ್ತದೆ. ಮೊದಲು ತನ್ನ ಜಾಗದಲ್ಲೇ ನಿಂತಿತು. ಮಾರನೆಯ ದಿನ ಬದು ಬಿಟ್ಟು ಅಂಗಳಕ್ಕೆ ಬಂತು. ಹನ್ನೆರಡನೆಯ ದಿನದ ಹೊತ್ತಿಗೆ ಬಾಗಿಲ ಹಲಗೆಗೆ ಒರಗಿಕೊಂಡು ಸಂದಿಯಲ್ಲಿ ತುದಿ ತೂರಿಸುತ್ತಿತ್ತು. ಒಳಗಿಂದ ಹಸುಗಳು ಆ ತುದಿಗೆ ನಾಲಿಗೆ ಚಾಚುತ್ತಿದ್ದವು. ಹೆಂಗಸರು ಪೊರಕೆ ಹಿಡಿದು, "ಹೋಗು, ಆಮೇಲೆ ಬಾ" ಎಂದು ಹುಲ್ಲನ್ನು ಗದರಿಸಿ ಹಿಂದಕ್ಕೆ ಗುಡಿಸುತ್ತಿದ್ದರು. ನೋಡಲು ನಗು ಬರುತ್ತಿತ್ತು. ನಾವು ನಗುತ್ತಲೂ ಇದ್ದೆವು.

ಹದಿಮೂರನೆಯ ದಿನ ಸಾಸ್ವೆಯ ಹಾಲಿನ ಫ್ಯಾಟು ಆರು ದಾಟಿತು. ಹಾಲು ಮಾತ್ರ ಒಂದು ತಂಬಿಗೆ ಇದ್ದೀತು. ಹಲಗೆಯ ಮೇಲೆ ಬರೆಯಲು ಸೀಮೆಸುಣ್ಣ ಎತ್ತಿಕೊಂಡಾಗ ದುರುಗಕ್ಕ ಕಿಟಕಿಯ ಹತ್ತಿರ ಬಂದಳು. ಅವತ್ತು ಅವಳ ದನಿ ಮೆಲ್ಲಗಿತ್ತು. ಅದೇ ನನಗೆ ಮೊದಲು ವಿಚಿತ್ರವೆನಿಸಿದ್ದು.

"ವನಜೀ, ಸಾಸ್ವೆ ಯಾರ ಮನೆ ಹಣ್ಣಿಗಾದ್ರೂ ಬಾಯಿ ಹಾಕಿರ್ಬೋದಾ? ಕಟ್ಟಿದ್ದು ಕಟ್ಟಿದಂಗೇ ಐತೆ. ಆದ್ರೆ ಬಾಯಿಂದ ಸೀಬೆಹಣ್ಣಿನ ವಾಸ್ನೆ ಬರ್ತೈತೆ ಕಣೇ. ಕೊಟ್ಟ ಬೂಸಾನೂ ಮೂಸಿ ಬಿಡ್ತೈತೆ. ಕಿವಿ ಮುಟ್ಟಿದ್ರೆ ತಣ್ಣಗೆ."

ಡೈರಿಗೆ ಬೀಗ ಹಾಕಿ ಖಾದರ್ ಡಾಕ್ಟರಿಗೆ ಫೋನ್ ಮಾಡಿದೆ. ಖಾದರ್ ಮೊಹಿದ್ದೀನ್ ಸಾಹೇಬರು ನಾಲ್ಕು ಊರಿಗೆ ಒಬ್ಬರೇ ದನದ ಡಾಕ್ಟರು. ಅವರ ಸ್ಕೂಟರಿನ ಸದ್ದಿಗೇ ಎತ್ತುಗಳು ಹಿಂದೆ ಸರಿಯುತ್ತಿದ್ದವು. ಒಂದು ತಿಂಗಳಿಂದ ಅವರು ಬೇರೆ ಕಡೆ ಲಸಿಕೆ ಹಾಕುತ್ತಿದ್ದುದರಿಂದ ನಮ್ಮೂರಿನ ಈ ಹೊಸ ಏರ್ಪಾಡು ಅವರಿಗೆ ಗೊತ್ತಿರಲಿಲ್ಲ. ಅಂಗಳಕ್ಕೆ ಬಂದು, ಬಾಗಿಲಿಗೆ ಒರಗಿದ್ದ ಹುಲ್ಲನ್ನು ದಾಟಿಕೊಂಡು ಒಳಗೆ ಹೋಗಿ, ಸಾಸ್ವೆಯ ಬೆನ್ನಿನ ಮೇಲೆ ಕೈಯಾಡಿಸಿದರು. ಪಕ್ಕೆಲುಬು ಒಂದೊಂದಾಗಿ ಕೈಗೆ ಸಿಗುತ್ತಿದ್ದವು. ಹಸು ಗಂಜಲ ಹೊಯ್ಯುವವರೆಗೆ ತಾಳ್ಮೆಯಿಂದ ಕಾದು, ಸಣ್ಣ ಗಾಜಿನ ಕೊಳವೆಯಲ್ಲಿ ಹಿಡಿದು, ಅದಕ್ಕೆ ಒಂದು ಪುಡಿ ಬೆರೆಸಿ, ಮೇಲಿಂದ ಯಾವುದೋ ದ್ರವವನ್ನು ಮೆಲ್ಲಗೆ ಇಳಿಬಿಟ್ಟರು. ನಡುವೆ ನೇರಳೆ ಬಣ್ಣದ ಉಂಗುರವೊಂದು ಮೂಡಿತು. ಚೆಂದದ ಬಣ್ಣ. ಡಾಕ್ಟರ ಮುಖ ಮಾತ್ರ ಚೆಂದವಿರಲಿಲ್ಲ.

"ಇದರ ಹೊಟ್ಟೇಲಿ ಹಣ್ಣೂ ಇಲ್ಲ, ಏನೂ ಇಲ್ಲ ದುರುಗಮ್ಮ. ಎಷ್ಟು ದಿನ ಆಯ್ತು ಮೇವು ಹಾಕಿ?"

ದುರುಗಕ್ಕ ನನ್ನ ಮುಖ ನೋಡಿದಳು. ನಾನು ಹೇಳಿದೆ. ಫ್ಯಾಟಿನ ವಿಷಯವನ್ನೂ ಹೇಳಿದೆ, ಅರ್ಧ ಹೆಮ್ಮೆಯಿಂದಲೇ.

"ಹಾಲು ದಪ್ಪ ಆಗಿರೋದಲ್ಲ ಕಣಮ್ಮ, ಹಸು ಕರಗಿರೋದು" ಎಂದರು ಡಾಕ್ಟರು. ಗ್ಲೂಕೋಸ್ ಬಾಟಲಿಯನ್ನು ತೊಲೆಗೆ ನೇತುಹಾಕಿ, ಕತ್ತಿನ ರಕ್ತನಾಳ ಹುಡುಕುತ್ತಾ ಮಾತು ಮುಂದುವರಿಸಿದರು. "ಮೇವು ಬಂದಾಗ ಇನ್ಸುಲಿನ್ ಅಂತ ಒಂದು ರಸ ಮೈಯೆಲ್ಲಾ ಸುತ್ತಿ, ಊಟ ಬಂತು, ತಗೊಳ್ಳಿ, ಮಿಕ್ಕಿದ್ದು ಕೂಡಿಡಿ ಅಂತ ಸಾರುತ್ತೆ. ಮೇವು ನಿಂತರೆ ಅದೂ ತಗ್ಗುತ್ತೆ. ಆಗ ಕೂಡಿಟ್ಟ ಕೊಬ್ಬು ಕರಗಿ ರಕ್ತಕ್ಕೆ ಇಳಿಯುತ್ತೆ. ಒಂದು ಪಾಲು ಕೆಚ್ಚಲಿಗೆ ಹೋಗುತ್ತೆ, ನಿನ್ನ ಮಿಷನ್ನು ಕುಣಿಯುತ್ತೆ. ಇನ್ನೊಂದು ಪಾಲು ಲಿವರಿಗೆ. ಅದು ಎಷ್ಟೂಂತ ಉರಿಸುತ್ತೆ? ಹಸಿ ಸೌದೆ ಥರ ಅರ್ಧಂಬರ್ಧ ಉರಿಯುತ್ತೆ. ಆ ಹೊಗೆಯೇ ಈ ಸೀಬೆಹಣ್ಣಿನ ವಾಸನೆ."

"ಕಿವಿ ಯಾಕೆ ತಣ್ಣಗೈತೆ ಸಾಹೇಬ್ರೆ?"

"ಮೈ ತನ್ನ ಒಲೆ ತಗ್ಗಿಸಿಕೊಂಡಿದೆ. ಖರ್ಚು ಕಡಿಮೆ ಮಾಡಬೇಕಲ್ಲ. ಮೊದಲು ಮಿದುಳಿಂದ ಗರ್ಭಕ್ಕೆ ಹೋಗೋ ಸುದ್ದಿ ನಿಲ್ಲುತ್ತೆ, ಇಲ್ಲಿ ನಮಗೇ ಇಲ್ಲ, ಹೊಸಬರನ್ನ ಕರೀಬೇಡ ಅಂತ. ಬೆದೆಗೆ ಬರಲ್ಲ. ಆಮೇಲೆ ಹಾಲು. ಆಮೇಲೆ ಕಾಲು, ನಿಲ್ಲೋದಕ್ಕಾಗಲ್ಲ. ಒಂಬತ್ತು ದಿನ ಸೊಪ್ಪುಸದೆ ತಿಂದು ಹೇಗೋ ತಡಕೊಳ್ಳೋವು. ಇದನ್ನ ಹದಿಮೂರು ದಿನ, ಅದರಲ್ಲಿ ಆರು ದಿನ ಖಾಲಿ ಹೊಟ್ಟೇಲಿ, ಅದೂ ಕರು ಹಾಕಿದ ಹಸೂನ..." ಅವರು ಸೂಜಿ ಚುಚ್ಚಿದರು.

ದುರುಗಕ್ಕ ಸಾಸ್ವೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ನನ್ನ ಹೆಸರು ಹಲಗೆ ಮ್ಯಾಲೆ ಇತ್ತಲ್ಲೇ ವನಜಿ" ಎಂದಳು. "ಇದು ನನ್ನ ಮುಖ ನೋಡಿ ಕೂಗ್ತಿತ್ತು. ಕರೂನ ಕರೀತೈತೆ ಅಂದ್ಕೊಂಡೆ."

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಡೈರಿಗೆ ವಾಪಸು ಬಂದು ಹಲಗೆಯನ್ನು ಸೀರೆಯ ಸೆರಗಿನಿಂದಲೇ ಒರೆಸಿದೆ. ಮಧ್ಯಾಹ್ನದ ಹಾಲಿಗೆ ಜನ ಕ್ಯಾನು ಹಿಡಿದು ಸಾಲಾಗಿ ನಿಂತಾಗ ಕಿಟಕಿ ತೆರೆದು, "ಇವತ್ತಿಂದ ಹಾಲು ತಗೊಳಲ್ಲ. ಮನೆಗೆ ಹೋಗಿ ಹಸುವಿನ ಬಾಯಿ ಮೂಸಿ ನೋಡ್ರಿ. ಸೀಬೆಹಣ್ಣಿನ ವಾಸ್ನೆ ಇದ್ರೆ ಡಾಕ್ಟ್ರು ದುರುಗಕ್ಕನ ಕೊಟ್ಟಿಗೇಲಿ ಅವ್ರೆ" ಎಂದೆ. ಕೆಲವರು ಬೈದರು. ಕೆಲವರು ನಕ್ಕರು. ಒಬ್ಬ ಮಾತ್ರ ಕ್ಯಾನನ್ನು ಅಲ್ಲೇ ಬಿಟ್ಟು ಮನೆಗೆ ಓಡಿದ. ಅವನು ಓಡಿದ್ದು ನೋಡಿ ಇನ್ನಿಬ್ಬರು ಓಡಿದರು.

ಮಾವ ಬಂದರು. ನಾನು ಅವರನ್ನು ಅಷ್ಟು ಕೆಂಪಗೆ ನೋಡಿರಲಿಲ್ಲ.

"ಏನೇ ಇದು? ಇನ್ನೈದು ದಿನ ಐತೆ ಅಷ್ಟೇ. ಮಾತು ಕೊಟ್ಟಿದೀನಿ. ಈ ಕುರ್ಚಿ ಮೇಲೆ ನಿನ್ನ ಕೂರ್ಸಿದ್ದು ಯಾರು?"

"ನೀವೇ ಮಾವ. ಫ್ಯಾಟು ಏರೈತೆ ಅಂತ ನಿಮ್ಗೆ ಹೇಳಿದ್ದು ನಾನು. ಅದು ಏನು ಅಂತ ನನ್ಗೆ ಗೊತ್ತಿರ್ಲಿಲ್ಲ. ಈಗ ಗೊತ್ತಾಗೈತೆ."

ಅಷ್ಟರಲ್ಲಿ ದುರುಗಕ್ಕ ಬಂದಳು. ಮಾವನ ರಟ್ಟೆ ಹಿಡಿದು ಎಳೆದಳು. ಊರಿನ ದೊಡ್ಡ ಮನುಷ್ಯರನ್ನು ಹಾಗೆ ನಡುಬೀದಿಯಲ್ಲಿ ಎಳೆದುಕೊಂಡು ಹೋದದ್ದು ಅದೇ ಮೊದಲು. ಕಿತ್ತುಕೊಳ್ಳಲು ನೋಡಿದರು, ಆದರೆ ಅದು ಜೋಳದ ಮೂಟೆ ಎತ್ತುವ ಕೈ. ನಾನೂ ಹಿಂದೆಯೇ ಹೋದೆ. ಸಾಸ್ವೆ ಆಗ ನೆಲ ಹಿಡಿದಿತ್ತು. ಕತ್ತು ಪಕ್ಕಕ್ಕೆ ಮಡಿಸಿ, ಮೂತಿಯನ್ನು ಪಕ್ಕೆಗೆ ಒತ್ತಿಕೊಂಡಿತ್ತು. ದುರುಗಕ್ಕ ಆ ಮೂತಿಯನ್ನು ಎರಡೂ ಕೈಯಲ್ಲಿ ಎತ್ತಿ, "ಮೂಸಿ ನೋಡ್ರಿ ಶಾಂತವೀರಣ್ಣ" ಎಂದಳು.

ಮಾವ ಬಗ್ಗಿದರು. ಒಂದು ಸಲ ಉಸಿರೆಳೆದರು. ನೆಟ್ಟಗಾಗಿ ನಮ್ಮ ಮುಖ ನೋಡಿ, ಮತ್ತೆ ಬಗ್ಗಿ ಇನ್ನೊಂದು ಸಲ ಮೂಸಿದರು. ಆಮೇಲೆ ಅಲ್ಲೇ ಸಗಣಿಯ ನೆಲದ ಮೇಲೆ, ಇಸ್ತ್ರಿ ಮಾಡಿದ ಪಂಚೆಯಲ್ಲಿ ಕೂತುಬಿಟ್ಟರು.

"ಇದು ನನ್ನ ಪೇಡೆ ವಾಸ್ನೆ" ಎಂದರು.

ಬಾಟಲಿಯಿಂದ ಗ್ಲೂಕೋಸು ತೊಟ್ಟಿಕ್ಕುವುದನ್ನು ಡಾಕ್ಟರು ನೋಡುತ್ತಿದ್ದರು.

"ನಮ್ಮಪ್ಪ ಸಾಯೋ ಮುಂಚೆ ಕೈ ಹಿಡ್ಕೊಂಡು ಹೇಳಿದ್ದ, ಈ ಘಮ ಕಳೀಬ್ಯಾಡ ಮಗಾ ಅಂತ. ವರ್ಷಾ ವರ್ಷಾ ಕಡಾಯಿ ಮುಂದೆ ನಿಂತು ಇದು ಬರ್ಲಿ ಬರ್ಲಿ ಅಂತ ಕಾಯ್ತಿದ್ದೆ ಡಾಕ್ಟ್ರೇ. ಬಂದಾಗ ಕೈ ಮುಗೀತಿದ್ದೆ."

"ಗೊತ್ತಿರಲಿಲ್ಲ ಬಿಡಿ" ಎಂದರು ಡಾಕ್ಟರು.

"ಗೊತ್ತಿರ್ಲಿಲ್ಲ. ಇದಕ್ಕೆ ಗೊತ್ತಿತ್ತಲ್ಲ" ಎಂದು ಮಾವ ಸಾಸ್ವೆಯನ್ನು ತೋರಿಸಿದರು. ಸ್ವಲ್ಪ ಹೊತ್ತಿಗೆ ಎದ್ದು, "ಬಾಗ್ಲು ತೆಗೀರಿ, ಎಲ್ಲಾ ಕೊಟ್ಟಿಗೆ ಬಾಗ್ಲೂ ತೆಗೀರಿ" ಎಂದು ಹೊರಗೆ ಧಾವಿಸಿದರು.

ಡಾಕ್ಟರು ಅವರ ಹಿಂದೆಯೇ ಓಡಿ ತಡೆದರು. ಅಷ್ಟು ದಿನ ಖಾಲಿಯಿದ್ದ ಹೊಟ್ಟೆಗೆ ಒಮ್ಮೆಲೇ ಹಸಿಹುಲ್ಲು ಬಿದ್ದರೆ ಉಬ್ಬರಿಸಿ ಹಸು ಸತ್ತೇಹೋಗುತ್ತದಂತೆ. ಮೊದಲ ದಿನ ಗಂಟೆಗೊಂದು ಹಿಡಿ, ಎರಡನೆಯ ದಿನ ಎರಡು ಹಿಡಿ, ಹೀಗೆ ವಾರದ ಮೇಲೆ ಹೊಟ್ಟೆ ತುಂಬ. ಇದನ್ನು ಮನುಷ್ಯರಿಗೆ ಹೇಳಬಹುದು, ಹುಲ್ಲಿಗೆ ಹೇಳುವುದು ಹೇಗೆ? ಅದು ಬಾಗಿಲಲ್ಲಿ ಕಾದು ಕಾದು ಸಾಕಾಗಿ, ತೆರೆದ ಕಡೆಯಲ್ಲೆಲ್ಲ ನುಗ್ಗುತ್ತಿತ್ತು. ಹೆಂಚಿನ ಸಂದಿಯಿಂದ ಇಳಿಯಿತು. ಗೋದಲಿಯೊಳಗೇ ಮೊಳೆಯಿತು. ಆ ವಾರ ನಮ್ಮೂರಿನಲ್ಲಿ ಯಾರೂ ಬೇರೆ ಕೆಲಸ ಮಾಡಲಿಲ್ಲ. ಮೇಷ್ಟ್ರು, ಅಂಚೆಯವರು, ಪಂದ್ಯಾವಳಿ ಆಗಷ್ಟೇ ಮುಗಿಸಿದ ಕ್ರಿಕೆಟ್ ತಂಡದವರು, ಎಲ್ಲರೂ ಒಂದೊಂದು ಕೊಟ್ಟಿಗೆಯಲ್ಲಿ ಕೂತು ಒಂದು ಕೈಯಲ್ಲಿ ಪೊರಕೆ ಹಿಡಿದು ಹುಲ್ಲನ್ನು ತಡೆಯುವುದು, ಇನ್ನೊಂದು ಕೈಯಲ್ಲಿ ಅದೇ ಹುಲ್ಲನ್ನು ಒಂದು ಹಿಡಿ ಕಿತ್ತು ಹಸುವಿಗೆ ಕೊಡುವುದು. ಮಾವ ಕಡಾಯಿ ಕವುಚಿ ಹಾಕಿ ದುರುಗಕ್ಕನ ಕೊಟ್ಟಿಗೆಗೇ ಬಂದು ಕೂತರು. ಮೂರನೆಯ ದಿನ ಸಾಸ್ವೆ ಮುಂಗಾಲು ಮಡಿಸಿ, ಹಿಂಗಾಲು ಊರಿ, ನಡುಗುತ್ತಾ ಎದ್ದು ನಿಂತಾಗ ದುರುಗಕ್ಕನ ಕೂಗು ಕೆರೆ ಏರಿಯವರೆಗೂ ಕೇಳಿಸಿತು. ಅವಳ ದನಿ ವಾಪಸು ಬಂದಿತ್ತು.

ಎಲ್ಲ ಒಳ್ಳೆಯದೇ ಆಯಿತು ಎಂದರೆ ತಪ್ಪಾಗುತ್ತದೆ. ಎರಡು ಗಬ್ಬದ ಹಸುಗಳು ತಿಂಗಳು ತುಂಬುವ ಮುಂಚೆಯೇ ಕಂದು ಹಾಕಿದವು. ಗಡಿಕಲ್ಲಿನ ಹತ್ತಿರದ ಮನೆಯ ಮುದಿ ಹಸು ಮೇಲೇಳಲೇ ಇಲ್ಲ. ಮಾವ ಮದುವೆ ಮನೆಗೆ ತಾವೇ ಹೋಗಿ, ಪಕ್ಕದೂರಿನ ಹಾಲಿನಲ್ಲಿ ಮಾಡಿ ಏಲಕ್ಕಿ ಹಾಕಿದ ಸಾದಾ ಪೇಡೆ ಕೊಟ್ಟು ಬಂದರು. ಜನ ಚಪ್ಪರಿಸಿಕೊಂಡೇ ತಿಂದರಂತೆ. ಒಬ್ಬ ಅಜ್ಜಿ ಮಾತ್ರ, "ಆ ಘಮ ಎಲ್ಲೋಯ್ತಪ್ಪ?" ಎಂದು ಕೇಳಿದಳಂತೆ. "ಅದು ಇನ್ನು ಬರಲ್ಲ ತಾಯಿ" ಎಂದರಂತೆ ಮಾವ. ಆಮೇಲಿನ ವರ್ಷಗಳಲ್ಲಿ ಆ ಒಂಬತ್ತು ದಿನ ಅವರ ಕಡಾಯಿ ಒಲೆ ಏರಲಿಲ್ಲ. ಆ ದಿನಗಳಲ್ಲಿ ಅವರ ಕೆಲಸಗಾರರು ಗಾಡಿ ಕಟ್ಟಿಕೊಂಡು ಆಲದ ಸೊಪ್ಪು ಕಡಿಯಲು ಹೋಗುತ್ತಾರೆ.

ಆದರೆ ಆ ಬೇಸಿಗೆ ಪೂರಾ ನಮ್ಮೂರಿನಲ್ಲಿ ಒಂದು ಹಸುವೂ ಬೆದೆಗೆ ಬರಲಿಲ್ಲ. ಮೈ ತುಂಬಿಕೊಂಡವು, ಕೂದಲು ಹೊಳೆಯಿತು, ಫ್ಯಾಟು ನಿಧಾನಕ್ಕೆ ಮೂರೂಮುಕ್ಕಾಲಿಗೇ ಇಳಿದು ಹಾಲಿನ ಕ್ಯಾನು ತುಂಬಿತು. ಅಷ್ಟಾದರೂ ಬೆಳಿಗ್ಗೆ ಯಾವ ಕೊಟ್ಟಿಗೆಯಿಂದಲೂ ಬೆದೆಯ ಕೂಗು ಬರಲಿಲ್ಲ. ಡಾಕ್ಟರು ಬಂದಾಗಲೆಲ್ಲ ಪರೀಕ್ಷೆ ಮಾಡಿ, ತಲೆಯಲ್ಲಾಡಿಸಿ, "ಕಾಯಬೇಕು" ಎನ್ನುತ್ತಿದ್ದರು. ಕಾಯುವುದು ಬಿಟ್ಟು ಮಾಡುವಂಥದ್ದೂ ಏನಿರಲಿಲ್ಲ. ಜನ ನನ್ನನ್ನು ಬೈಯುವುದು ಬಿಟ್ಟಿದ್ದರು, ಮಾವನನ್ನೂ ಬೈಯಲಿಲ್ಲ. ಕೂಗಿದವರು ಎಲ್ಲರೂ ಅಲ್ಲವೇ.

ಮಳೆ ಹಿಡಿದ ಮೇಲೆ, ಒಂದು ಬೆಳಿಗ್ಗೆ ಡೈರಿಯಲ್ಲಿ ಗಂಡಸರೆಲ್ಲ ಸಾಲಾಗಿ ನಿಂತಿದ್ದಾಗ ದುರುಗಕ್ಕ ಕೊಡೆಯಿಲ್ಲದೆ ಓಡಿ ಬಂದಳು. ಮೈಮೇಲಿನ ಹಿಟ್ಟು ಮಳೆಗೆ ಕಲಸಿ ಕೆನ್ನೆಯ ಮೇಲೆ ಗಂಜಿಯಂತೆ ಇಳಿಯುತ್ತಿತ್ತು. ನಾಚಿಕೆ ಗೀಚಿಕೆ ಒಂದೂ ಇಲ್ಲದೆ, "ಸಾಸ್ವೆ ಬೆದೆಗೆ ಬಂದೈತ್ರೋ!" ಎಂದು ಕೂಗಿದಳು. "ಹೊತ್ತು ಮೂಡೋಕಿಂತ ಮುಂಚಿಂದ ಕೂಗ್ತೈತೆ, ಬಾಲ ಎತ್ತೈತೆ, ಹಗ್ಗ ಕಿತ್ಕೊಂಡು ಬೀದಿಗೆ ಬಂದೈತೆ!"

ಸಾಲಿನಲ್ಲಿದ್ದವರು ಕ್ಯಾನು ಬಿಟ್ಟು ಶಿಳ್ಳೆ ಹಾಕಿದರು. ಖಾದರ್ ಡಾಕ್ಟರನ್ನು ಕರೆತರಲು ಮಾವ ತಾವೇ ಸೈಕಲ್ ಹತ್ತಿ ಹೋದರು. ಡಾಕ್ಟರು ಸ್ಕೂಟರಿನಲ್ಲಿ ಮುಂದೆ, ಮಾವ ಸೈಕಲಿನಲ್ಲಿ ಏದುಸಿರು ಬಿಡುತ್ತಾ ಹಿಂದೆ ಬಂದು ತಲುಪಿದರು. ಡಾಕ್ಟರು ತಮ್ಮ ಕೆಲಸ ಮುಗಿಸಿ ಕೈ ತೊಳೆಯುವಾಗ ಮಾವ ಕೇಳಿದರು:

"ಹಂಗಾದ್ರೆ ಎಲ್ಲಾ ಮರೆತೈತೆ ಅಂತ ಅಲ್ವಾ ಡಾಕ್ಟ್ರೇ?"

"ಅದರ ಮೈ ಏನೋ ಮರೆತಿದೆ. ಇನ್ನು ಊಟಕ್ಕೆ ಮೋಸ ಇಲ್ಲ ಅಂತ ಅದಕ್ಕೆ ಗ್ಯಾರಂಟಿ ಆಗಿದೆ" ಎಂದರು ಡಾಕ್ಟರು. "ಸಾಸ್ವೆ ಮನಸ್ಸಿನ ವಿಷಯ ನನಗೆ ಗೊತ್ತಿಲ್ಲ."

ಮಾವ ಅಂಗಳದಿಂದ ಒಂದು ಹಿಡಿ ಹುಲ್ಲು ಕಿತ್ತು, ನೀರು ಕೊಡವಿ, ಸಾಸ್ವೆಯ ಮುಂದೆ ಹಿಡಿದರು. ಅದು ಹುಲ್ಲು ನೋಡಿತು, ಅವರ ಕೈ ನೋಡಿತು. ಮುಂದೆ ಬರಲಿಲ್ಲ. ಮಾವ ಇನ್ನಷ್ಟು ಹೊತ್ತು ಹಿಡಿದು ನಿಂತರು. ಕೊನೆಗೆ ಮಾವ ಹುಲ್ಲನ್ನು ನೆಲದ ಮೇಲೆ, ಅದಕ್ಕೆ ಎಟುಕುವ ಹಾಗೆ ಇಟ್ಟು, ಹಿಂದೆ ಹಿಂದೆ ಹೆಜ್ಜೆಯಿಟ್ಟು ಗೇಟಿನ ಹೊರಗೆ ಹೋಗಿ ಗೋಡೆಗೆ ಒರಗಿದರು. ಸಾಸ್ವೆ ಆಮೇಲೆ ತಲೆ ಬಗ್ಗಿಸಿತು. ಅದು ಕರಕರ ಅಗಿಯುವ ಸದ್ದು ಗೋಡೆಯಾಚೆಗೂ ಕೇಳುತ್ತಿತ್ತು. ಅಂಗಡಿ ತೆರೆಯುವ ಹೊತ್ತು ಮೀರಿದ್ದರೂ ಮಾವ ಆ ಸದ್ದು ಮುಗಿಯುವವರೆಗೆ ಮಳೆಯಲ್ಲೇ ನಿಂತಿದ್ದರು.